ಬಗ್ಗಿದ ತಲೆ, ತಪ್ಪಿದ ಗುಂಡು

ಅಂಬಲಪಾಡಿಯ ಗೆಳೆಯನ ಮನೆಯಲ್ಲಿ ಒಂದು ಮಳೆಯ ರಾತ್ರಿ ನಾವು 'ದಿ ಡೇ ಆಫ್ ದಿ ಜಾಕಲ್' ನೋಡಿದೆವು. ಫ್ರೆಡ್ ಜಿನ್ನೆಮನ್ ನಿರ್ದೇಶಿಸಿದ 1973ರ ಸಿನಿಮಾ. ಫ್ರಾನ್ಸಿನ ಅಧ್ಯಕ್ಷ ದ ಗಾಲ್‌ನನ್ನು ಮುಗಿಸಲು ಬಾಡಿಗೆ ಕೊಲೆಗಾರ ಬರುತ್ತಾನೆ. ಸತ್ತ ಕೂಸಿನ ಹೆಸರಲ್ಲಿ ಪಾಸ್‌ಪೋರ್ಟು, ಊರುಗೋಲೊಳಗೆ ಬಂದೂಕು, ಮರಕ್ಕೆ ತೂಗುಬಿಟ್ಟ ಕಲ್ಲಂಗಡಿಯ ಮೇಲೆ ಗುರಿಯ ಅಭ್ಯಾಸ. ಸುಳ್ಳು ಯಾಕೆ ಹೇಳೋಣ, ನಾವೂ ಉಸಿರು ಬಿಗಿಹಿಡಿದೇ ಕೂತಿದ್ದೆವು. ಹಣ್ಣು ಸಿಡಿದಾಗ ಗೆಳೆಯ ಶಹಬ್ಬಾಸ್ ಅಂದ.

ಮೂಲೆಯಲ್ಲಿ ಬೀಡಿ ಕಟ್ಟುತ್ತಿದ್ದ ಅವನ ತಾಯಿ ತಲೆ ಎತ್ತದೆ ತುಳುವಿನಲ್ಲಿ ಕೇಳಿದರು: ಅವ ಕೊಲ್ಲೋದು ಯಾರನ್ನ? ಅವರೇನು ಮಾಡಿದ್ರು?

ನಮ್ಮ ಬಾಯಿ ಕಟ್ಟಿತು. ಅಷ್ಟು ಹೊತ್ತು ಕೊಲೆಗಾರನ ಕೈಚಳಕಕ್ಕೆ ಬಾಯಿಬಿಟ್ಟು ಕೂತ ನಾವು, ಹೋರಾಟಗಾರರು ಅನ್ನಿಸಿಕೊಂಡ ನಾವು, ಆ ಪ್ರಶ್ನೆ ಕೇಳಿಯೇ ಇರಲಿಲ್ಲ.

ಏನು ಮಾಡಿದ್ರು? ಅಲ್ಜೀರಿಯಾ ಬಿಟ್ಟುಕೊಟ್ಟರು. ಅದೂ ಔದಾರ್ಯದಿಂದಲ್ಲ. 1954ರಿಂದ ಆ ಜನ ಹೋರಾಡಿ, ಲಕ್ಷಗಟ್ಟಲೆ ಹೆಣ ಬಿದ್ದು, 1962ರಲ್ಲಿ ಸ್ವಾತಂತ್ರ್ಯ ಕಿತ್ತುಕೊಂಡರು. ಅದನ್ನು ಸಹಿಸದ ವಸಾಹತುಶಾಹಿ ಗುಂಪು ಅಧ್ಯಕ್ಷನ ತಲೆಗೆ ಬೆಲೆ ಕಟ್ಟಿತು. ಆ ಜನರ ಕತೆ ಸಿನಿಮಾದ ಆರಂಭದ ಎರಡು ಮಾತಲ್ಲಿ ಮುಗಿಯುತ್ತದೆ. 1961ರ ಅಕ್ಟೋಬರ್ 17ರಂದು ಮೆರವಣಿಗೆ ಬಂದ ಅಲ್ಜೀರಿಯನ್ನರನ್ನು ಕೊಂದು ಸೀನ್ ನದಿಗೆ ಎಸೆದ ಪ್ಯಾರಿಸ್ ಪೊಲೀಸರು ಇಲ್ಲಿ ಕಾಪಾಡುವವರು! ಒಬ್ಬ ದೊರೆಯ ತಲೆಗಾಗಿ ಇಡೀ ಸರ್ಕಾರ ನಿದ್ದೆಗೆಡುತ್ತದೆ.

ಕಂಬಾಲಪಲ್ಲಿಗಾಗಿ ಯಾರು ನಿದ್ದೆಗೆಟ್ಟರು? 2000ದ ಮಾರ್ಚಿನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಕಳ್ಳ ಪಾಸ್‌ಪೋರ್ಟು ಬೇಕಾಗಲಿಲ್ಲ, ವೇಷ ಬೇಕಾಗಲಿಲ್ಲ. ಬೆಂಕಿಪೊಟ್ಟಣ ಸಾಕಾಯಿತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಿ ಅದೇ ಊರಲ್ಲಿ ಬದುಕಬೇಕಾದವನ ಎದೆ ಹೊಡೆದುಕೊಳ್ಳೋದು ಯಾವ ಥ್ರಿಲ್ಲರಿಗೆ ಕಮ್ಮಿ? ಆದರೆ ಅದಕ್ಕೆ ಯಾವ ನಿರ್ಮಾಪಕ ದುಡ್ಡು ಹಾಕ್ತಾನೆ?

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲಿಗೆ ಬಂದವರಿಗೂ ಕಲ್ಲಂಗಡಿಯ ದೂರದಿಂದ ಗುರಿಯಿಡುವ ಕಷ್ಟವಿರಲಿಲ್ಲ. ಒಂದು ಬೈಕು, ಒಂದು ನಾಡಪಿಸ್ತೂಲು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಬೆಂಗಳೂರಿನ ಅವರ ಮನೆಯೆದುರೇ ಕೊಂದದ್ದೂ ಅದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಬಾಗಿಲು ತೆರೆದು ಮಾತಾಡುವವರನ್ನು ಕೊಲ್ಲೋದಕ್ಕೆ ಜಾಣತನ ಯಾಕೆ?

ಸಿನಿಮಾದ ಕೊನೆ ಬಂತು. ಪದಕ ತೊಡಿಸಿದ ದ ಗಾಲ್ ಮುದಿ ಸೈನಿಕನ ಕೆನ್ನೆಗೆ ಮುತ್ತಿಡಲು ಬಗ್ಗುತ್ತಾನೆ, ಗುಂಡು ತಪ್ಪುತ್ತದೆ. ಬಗ್ಗಿದ್ದಕ್ಕೆ ಬದುಕಿದ, ಅಂದ ಗೆಳೆಯ.

ನಮಗೆ ಸಿಟ್ಟೇ ಬಂತು. ಈ ಸೀಮೆಯ ಕೊರಗರನ್ನು ಅಜಲಿನ ಹೆಸರಲ್ಲಿ ತಲೆಮಾರುಗಟ್ಟಲೆ ಬಗ್ಗಿಸಿಟ್ಟಿದ್ದರು, ಕಾನೂನು ಅದನ್ನು ನಿಷೇಧಿಸಿದ್ದೇ 2000ದಲ್ಲಿ. ಬಗ್ಗಿದ್ದರಿಂದ ಯಾವ ಕೊರಗ ಉದ್ಧಾರವಾದ? 2016ರ ಅಕ್ಟೋಬರ್ 9ರಂದು 'ಚಲೋ ಉಡುಪಿ' ಎಂದು ನೀಲಿ ಬಾವುಟ ಹಿಡಿದು ಬಂದವರು ನೆಟ್ಟಗೆ ನಡೆದೇ ಬಂದರಲ್ಲ!

ಜಗಳ ಸರಿರಾತ್ರಿ ದಾಟಿತು. ಈಗ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಕೇರಿಯ ಹುಡುಗರನ್ನು ಕೂರಿಸಿಕೊಂಡು ಇದೇ ಸಿನಿಮಾ ಹಾಕ್ತೇವೆ. ಕಲ್ಲಂಗಡಿ ಸಿಡಿದ ಕೂಡಲೆ ನಿಲ್ಲಿಸಿ, ಆ ತಾಯಿ ಕೇಳಿದ್ದನ್ನೇ ಕೇಳ್ತೇವೆ. ಹಳ್ಳಿಯ ಮೇಷ್ಟ್ರುಗಳೂ ತಮ್ಮಲ್ಲಿ ಮಾಡಿ ನೋಡಲಿ, ಹುಡುಗರು ಏನಂದರು ಅಂತ ನಮಗೆ ಬರೆಯಲಿ.