ಕಂಪವಾತಕ್ಕೆ ಶಸ್ತ್ರಕ್ರಿಯೆ: ತಕ್ಕ ಕಾಲ ಯಾವುದು?

ಕಂಪವಾತವೆಂದು ಜನ ಹೇಳುವ ವ್ಯಾಧಿಯನ್ನು ಲಂಡನ್ನಿನ ವೈದ್ಯರಾದ ಜೇಮ್ಸ್ ಪಾರ್ಕಿನ್ಸನ್ನರು 1817ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ವರ್ಣಿಸಿದರು. ಮುಂದೆ ಅದಕ್ಕೆ ಅವರ ಹೆಸರೇ ನಿಂತಿತು. ಮಿದುಳಿನ ಆಳದಲ್ಲಿ ಡೋಪಮೀನ್ ಎಂಬ ದ್ರವ್ಯವನ್ನು ಉತ್ಪಾದಿಸುವ ಕೋಶಗಳು ಕ್ರಮೇಣ ಅಳಿಯುವುದರಿಂದ ಕೈ ನಡುಗುತ್ತದೆ, ಅವಯವಗಳು ಬಿಗಿಯುತ್ತವೆ, ನಡೆ ನಿಧಾನವಾಗುತ್ತದೆ.

ಲೆವೊಡೋಪ ಎಂಬ ಔಷಧ ಮೊದಲ ಕೆಲವು ವರ್ಷ ರೋಗಿಯನ್ನು ಕೈಹಿಡಿದು ನಡೆಸುತ್ತದೆ. ಬರಬರುತ್ತ ಗುಳಿಗೆಯ ಗುಣ ಬೇಗನೆ ಇಳಿಯತೊಡಗುತ್ತದೆ. ಗುಣವಿರುವಾಗ ಮೈ ತಾನಾಗಿ ತೊನೆದಾಡುತ್ತದೆ. ಇಳಿದಾಗ ಕುಳಿತವನು ಏಳಲಾರ. ಮನೆಯವರ ಮುಂದೆ ಶಸ್ತ್ರಕ್ರಿಯೆಯ ಮಾತು ಬರುವುದು ಈ ಘಟ್ಟದಲ್ಲಿಯೇ.

1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದ ಶಸ್ತ್ರವೈದ್ಯ ಅಲೀಂ ಲೂಯಿ ಬೆನಾಬಿಡ್ ಅವರು ಮಿದುಳಿನ ಆಳಕ್ಕೆ ತೆಳುವಾದ ತಂತಿಯನ್ನಿಳಿಸಿ, ಸೆಕೆಂಡಿಗೆ ನೂರಕ್ಕೂ ಮೇಲ್ಪಟ್ಟ ವಿದ್ಯುತ್ ಮಿಡಿತಗಳಿಂದ ನಡುಕವನ್ನು ತಡೆಯಬಹುದೆಂದು ಕಂಡುಕೊಂಡರು. ಎದೆಯ ಚರ್ಮದಡಿ ಹುದುಗಿಸಿದ ಪುಟ್ಟ ಯಂತ್ರ ಈ ವಿದ್ಯುತ್ತನ್ನು ಒದಗಿಸುತ್ತದೆ. ಬಹುಕಾಲ ಇದನ್ನು ಕಟ್ಟಕಡೆಯ ಉಪಾಯವೆಂದೇ ಎಣಿಸಲಾಗಿತ್ತು. ರೋಗಿ ಹತ್ತು ಹನ್ನೆರಡು ವರ್ಷ ನರಳಿ, ಉದ್ಯೋಗವನ್ನೂ ಗೆಳೆಯರ ಒಡನಾಟವನ್ನೂ ಕಳೆದುಕೊಂಡ ಮೇಲೆ ನಡುಕ ನಿಂತರೂ, ಹೋದ ಬದುಕು ಮರಳುವುದೆ?

ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ 251 ರೋಗಿಗಳ ಮೇಲೆ ನಡೆದು, 2013ರಲ್ಲಿ ಪ್ರಕಟವಾದ ಪರೀಕ್ಷೆ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಅವರ ಸರಾಸರಿ ವಯಸ್ಸು 52. ಔಷಧದ ಏರಿಳಿತ ತಲೆದೋರಿ ಮೂರು ವರ್ಷ ಮೀರಿರಲಿಲ್ಲ. ಎರಡು ವರ್ಷಗಳ ಬಳಿಕ, ಶಸ್ತ್ರಕ್ರಿಯೆಯೂ ಆದವರ ಬಾಳಿನ ಗುಣಮಟ್ಟ ನೂರಕ್ಕೆ 26ರಷ್ಟು ಸುಧಾರಿಸಿತ್ತು. ಔಷಧವನ್ನಷ್ಟೇ ನೆಚ್ಚಿದವರ ಸ್ಥಿತಿ ಹೆಚ್ಚುಕಡಮೆ ಇದ್ದಂತೆಯೇ ಇತ್ತು.

ಹಾಗೆಂದು ಅವಸರವೂ ಸಲ್ಲದು. ಮೊದಲ ವರ್ಷಗಳಲ್ಲಿ ಕಂಪವಾತವನ್ನೇ ಹೋಲುವ ಬೇರೆ ವ್ಯಾಧಿಗಳು ವೈದ್ಯರನ್ನೂ ದಾರಿತಪ್ಪಿಸಬಲ್ಲವು. ಅವಕ್ಕೆ ಈ ಚಿಕಿತ್ಸೆ ಫಲಿಸದು. ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ, ಅಲ್ಪವಾದರೂ, ಇದ್ದೇ ಇದೆ. ತೀರ ತಡವಾದರೋ ಮತ್ತೊಂದು ಕಷ್ಟ. ನಡುಕವೊಂದನ್ನು ಬಿಟ್ಟರೆ, ಲೆವೊಡೋಪಕ್ಕೆ ಮಣಿಯುವ ತೊಂದರೆಗಳೇ ಸಾಮಾನ್ಯವಾಗಿ ವಿದ್ಯುತ್ತಿಗೂ ಮಣಿಯುತ್ತವೆ. ಆದ್ದರಿಂದ ಗುಳಿಗೆಗೂ ಬಗ್ಗದೆ ರೋಗಿ ಮತ್ತೆಮತ್ತೆ ಬೀಳತೊಡಗಿದ ಮೇಲೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮರೆವಿನ ರೋಗ ಕವಿದವರಿಗೆ ಇದನ್ನು ಸಾಮಾನ್ಯವಾಗಿ ಮಾಡುವುದೂ ಇಲ್ಲ.

ದಿನಕ್ಕೆ ಐದು ಸಲ ಲೆವೊಡೋಪ ನುಂಗಬೇಕಾಗಿ ಬಂದರೆ, ಎರಡು ಗಂಟೆ ಮದ್ದಿನ ಗುಣವಿಲ್ಲದೆ ಕಳೆದರೆ, ಅಥವಾ ಒಂದು ಗಂಟೆ ತೊನೆದಾಟ ಕಾಡಿದರೆ, ನರರೋಗ ತಜ್ಞರ ಬಳಿ ಈ ಮಾತೆತ್ತುವ ಹೊತ್ತು ಬಂದಿದೆಯೆಂದು ತಿಳಿಯಬೇಕು. ಶಸ್ತ್ರಕ್ರಿಯೆ ಮಾಡಿಸಲೇಬೇಕೆಂದು ಇದರ ಅರ್ಥವಲ್ಲ. ಅದು ರೋಗವನ್ನು ಬೇರುಸಹಿತ ಕೀಳುವುದೂ ಇಲ್ಲ. ಆದರೆ ವಿಚಾರಿಸಬೇಕಾದುದನ್ನು ಬಾಗಿಲು ಮುಚ್ಚುವ ಮುನ್ನವೇ ವಿಚಾರಿಸುವುದು ವಿವೇಕ.