ಸೂತ್ರ ಒಂದೇ, ಫಲ ಬೇರೆ

ಕಾಚಿಗೂಡದ ನಮ್ಮ ಬಂಧುಗಳಿಗೆ ಇಲಿಯೆಂದರೆ ಉಗ್ರಾಣದ ಶತ್ರು, ಇಲ್ಲವೆ ಕಡತಗಳ ಶತ್ರು. ಆದರೆ ಇಲ್ಲಿಂದ ಬಹುದೂರವಲ್ಲದ ತಾರ್ನಾಕಾದಲ್ಲಿ ಅದಕ್ಕೆ ಬೇರೆಯೇ ಮರ್ಯಾದೆ. ಕೂನೂರಿನಿಂದ 1958ರಲ್ಲಿ ಈ ನಗರಕ್ಕೆ ಬಂದ ಪೋಷಣ ಸಂಶೋಧನಾಲಯವು, ಅಂದರೆ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು, ಸಾಕಿ ಬೆಳೆಸಿದ ಇಲಿಗಳು ದೇಶದ ಅನೇಕ ಪ್ರಯೋಗಶಾಲೆಗಳಿಗೆ ಹೋಗಿವೆ. ನಾವು ನುಂಗುವ ಔಷಧದ ಗುಣದೋಷಗಳನ್ನು ಮೊದಲು ಅರಿಯುವುದು ಬಹುಮಟ್ಟಿಗೆ ಇಂತಹ ಜೀವಿಗಳ ಮೇಲೆಯೇ. ಆದುದರಿಂದ ಒಂದು ಊರಿನ ಇಲಿ ನುಡಿದ ಸಾಕ್ಷ್ಯವನ್ನು ಇನ್ನೊಂದು ಊರಿನ ಇಲಿ ಅಲ್ಲಗಳೆದರೆ ಅದು ವಿಜ್ಞಾನಿಗಳ ಮನೆಜಗಳವೆಂದು ನಾವು ಸುಮ್ಮನಿರುವಂತಿಲ್ಲ.

ಹಾಗೆ ಅಲ್ಲಗಳೆದುದೂ ಉಂಟು. ಅಮೆರಿಕದ ಪೋರ್ಟ್‌ಲೆಂಡ್ ಮತ್ತು ಆಲ್ಬನಿ, ಕೆನಡಾದ ಎಡ್ಮಂಟನ್ ನಗರಗಳ ಮೂವರು ವಿಜ್ಞಾನಿಗಳು, ಕ್ರಾಬ್, ವಾಲ್‌ಸ್ಟೆನ್ ಮತ್ತು ಡುಡೆಕ್, 1999ರಲ್ಲಿ ಪ್ರಕಟಿಸಿದ ಪ್ರಯೋಗವು ಇಂದಿಗೂ ಸ್ಮರಣಾರ್ಹ. ತಳಿಗಳು ಒಂದೇ, ಉಪಕರಣಗಳು ಒಂದೇ ಬಗೆ, ಪರೀಕ್ಷೆಯ ವೇಳೆಯೂ ಒಂದೇ. ಮದ್ಯಪ್ರಿಯತೆಯಂತಹ ಕೆಲವು ಗುಣಗಳಲ್ಲಿ ಮೂರೂ ಕಡೆಯ ಫಲ ಹೊಂದಿತು (ಈ ವಿಷಯದಲ್ಲಿ ಮನುಷ್ಯರಲ್ಲೂ ಊರಿನ ಭೇದ ಕಡಮೆಯಷ್ಟೆ!), ಭೀತಿಯನ್ನು ಅಳೆಯುವ ಪರೀಕ್ಷೆಯಲ್ಲಿ ಹೊಂದಲಿಲ್ಲ. ಎಡ್ಮಂಟನ್ನಿನಲ್ಲಿ ಪರೀಕ್ಷಕರೊಬ್ಬರು ಇಲಿಗಳು ಒಗ್ಗದ ಕಾರಣ ಉಸಿರಾಟದ ಮುಖವಾಡ ಧರಿಸಿ ಕೆಲಸ ಮಾಡಿದ್ದರಂತೆ. ಪ್ರಾಣಿಯ ಕಣ್ಣಿಗೆ ಅದು ಹೇಗೆ ಕಂಡಿತೋ! ಗಂಡಸರ ವಾಸನೆ ಮಾತ್ರದಿಂದಲೇ ಇಲಿಗಳಲ್ಲಿ ನೋವಿನ ಲಕ್ಷಣ ಕುಗ್ಗುವುದೆಂದು ಮಾಂಟ್ರಿಯಲ್ಲಿನವರು 2014ರಲ್ಲಿ ತೋರಿಸಿದರು.

ಅಡಿಗೆಮನೆಯಲ್ಲಿ ದುಡಿಯುವ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಉಡುಪಿಯ ಕೈಯ ಸಾಂಬಾರಿನ ಅಳತೆಯನ್ನು ಬರೆದುಕೊಟ್ಟ ಮಾತ್ರಕ್ಕೆ ಇಲ್ಲಿಯ ನೀರು, ಒಲೆ, ಸೌಟು ಹಿಡಿದ ಕೈ ಬದಲಾಗುವುದಿಲ್ಲ.

2011ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಇಲಿ ಲಕ್ಷಣ ಪರೀಕ್ಷಾ ಒಕ್ಕೂಟವು ಅನೇಕ ದೇಶಗಳ ಕೇಂದ್ರಗಳಿಗೆ ಸಮಾನ ಕ್ರಮಗಳನ್ನು ವಿಧಿಸಿದೆ. ಇದು ಸ್ವಾಗತಾರ್ಹವೇ. ವಿಪರೀತ ಏಕರೂಪತೆಯಿಂದ ಆ ಒಂದು ಪರಿಸರಕ್ಕೆ ಮಾತ್ರ ಸಲ್ಲುವ ಸತ್ಯ ದೊರೆತೀತೆಂದು ವುರ್ಬೆಲ್ ಎಂಬ ವಿದ್ವಾಂಸರು ಎತ್ತಿದ ಆಕ್ಷೇಪವೂ ತೂಕದ್ದೇ. ನಮಗಾದರೋ ಇವೆರಡಕ್ಕಿಂತ ಮುಖ್ಯವಾಗಿ ತೋರುವುದು ಪಂಜರ ತೊಳೆದು, ಮೇವಿಟ್ಟು, ಪ್ರಾಣಿಯನ್ನು ಎತ್ತಿ ಹಿಡಿಯುವ ಸೇವಕನ ಸ್ಥಿತಿ. ಅವನ ಕೈ ಫಲಿತಾಂಶವನ್ನೇ ತಿರುಗಿಸಬಲ್ಲುದಾದರೆ ಅವನಿಗೆ ಎಲ್ಲ ಕೇಂದ್ರಗಳಲ್ಲಿ ಸಮಾನವಾದ ಶಿಕ್ಷಣ ದೊರೆಯಬೇಕು, ನೌಕರಿ ಭದ್ರವಾಗಿರಬೇಕು. ಯಾವ ದಿನ ಯಾರು ಪ್ರಾಣಿಯನ್ನು ಹಿಡಿದರೆಂಬುದು ದಿನಚರಿಯಲ್ಲಿ ದಾಖಲಾಗಿ, ಪ್ರಕಟವಾಗುವ ವರದಿಯಲ್ಲಿಯೂ ಅದಕ್ಕೆ ಸ್ಥಳ ದೊರೆಯಬೇಕು. ಪಂಜರದ ಅಳತೆಯನ್ನು ಅಂಗುಲ ಬಿಡದೆ ಬರೆಯುವ ಪಂಡಿತರಿಗೆ ಇನ್ನೊಂದು ಪಂಕ್ತಿ ಬರೆಯುವುದು ಭಾರವಾಗದು.