ಹಾಡಿನ ಜೋಳಿಗೆ: ಮನೆಮಂದಿಗೆಲ್ಲ ಹದಿನಾರು ತಮಾಷೆ

ಈ ವಾರ ನಮ್ಮ ಜೋಳಿಗೆಗೆ ಬಿದ್ದ ಕಾಗದಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬಂದದ್ದು ಪುತ್ತೂರು ಕಡೆಯ ಕೆದಂಬಾಡಿಯಿಂದ. ಬರೆದವರು ಒಬ್ಬ ಅಕ್ಕ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಸಂಗತಿ ಇಷ್ಟು. ಕಳೆದ ವರ್ಷ ಅವರಲ್ಲಿ ಮನೆ ಒಕ್ಕಲು. ಅಂಗಳದಲ್ಲಿ ಚಪ್ಪರ, ಚಪ್ಪರದ ಮೂಲೆಗೆ ಸೌಂಡ್ ಬಾಕ್ಸು. ದೇವರ ಹಾಡೆಲ್ಲ ಮುಗಿದ ಮೇಲೆ ಯಾರೋ ಹುಡುಗರು ಒಂದು ಪೆನ್‌ಡ್ರೈವ್ ಚುಚ್ಚಿದರಂತೆ. ಮನೆಮಂದಿಯೆಲ್ಲ ಕೇಳುವ ಕಾಮಿಡಿ ಹಾಡು ಅಂತ ಹೇಳಿಯೇ ಹಾಕಿದ್ದು! ಮೂರನೆಯದೋ ನಾಲ್ಕನೆಯದೋ ಹಾಡು ಒಬ್ಬ ತೊದಲನದ್ದು. ಹುಡುಗಿಯ ಹೆಸರು ಹೇಳಲು ಹೋಗಿ ಮೊದಲನೇ ಅಕ್ಷರದಲ್ಲೇ ಸಿಕ್ಕಿಬೀಳುತ್ತಾನೆ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಮುಂದಿನದನ್ನು ಆ ಅಕ್ಕನ ಮಾತಿನಲ್ಲೇ ಕೇಳಿ:

“ನನ್ನ ತಮ್ಮನೂ ನಕ್ಕ. ಅವನಿಗೆ ಸಣ್ಣದರಿಂದಲೇ ಮಾತು ಸಿಕ್ಕಿಕೊಳ್ಳುವುದು ಉಂಟು. ನಕ್ಕವನು ಮತ್ತೆ ಊಟಕ್ಕೆ ಬರಲಿಲ್ಲ, ಬಡಿಸಲಿಕ್ಕೂ ಬರಲಿಲ್ಲ. ಹುಡುಕಿದರೆ ತೋಟದ ಪಂಪಿನ ಶೆಡ್ಡಿನಲ್ಲಿ ಕೂತಿದ್ದ. ಮುಂದಿನ ತಿಂಗಳು ತಂಗಿಯ ಮದುವೆ. ಮದರಂಗಿ ರಾತ್ರಿಗೆ ತಮಾಷೆ ಹಾಡೇ ಬೇಡ ಅಂತ ಅಪ್ಪ ಹೇಳುತ್ತಾರೆ. ಹಾಗೆ ಮಾಡಿದರೆ ತಮ್ಮನಿಗೆ ಇನ್ನೂ ಬೇಜಾರು, ಎಲ್ಲ ತನ್ನಿಂದಲೇ ಆಯಿತು ಅಂತ. ಅಜ್ಜಿಗೂ ಆಗುವ, ಮಕ್ಕಳಿಗೂ ಆಗುವ, ಅವನಿಗೂ ಆಗುವ ಹಾಡು ಉಂಟಾ? ನೀವು ಒಂದು ಪಟ್ಟಿ ಮಾಡಿ ಕೊಡಬಹುದಾ?”

ಕೊಡೋಣ ಅಕ್ಕಾ. ಅದಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ. ಇದೇ ಜೋಳಿಗೆಯಲ್ಲಿ ಹಿಂದೊಮ್ಮೆ ಅಂಥದೇ ಒಂದು ತೊದಲು ಹಾಡನ್ನು ‘ಹೊಟ್ಟೆ ಹುಣ್ಣಾಗಿಸುವ ಗೀತೆ’ ಎಂದು ಹೊಗಳಿ ಬರೆದವನು ನಾನೇ. ಆಗ ಯಾರ ಮನೆಯ ಪಂಪ್ ಶೆಡ್ಡಿನಲ್ಲಿ ಯಾರು ಕೂತಿದ್ದರೋ!

ಇದು ನಮ್ಮವರೇ ಕಂಡುಹಿಡಿದ ಚಾಳಿಯೇನಲ್ಲ. 1918ರಲ್ಲೇ ಅಮೆರಿಕದಲ್ಲಿ ‘ಕೆ-ಕೆ-ಕೆ-ಕೇಟಿ’ ಎಂಬ ಹಾಡು ಬಂತು. ತೊದಲುವ ಸಿಪಾಯಿಯ ಹಾಡು ಎಂದು ಡಂಗುರ ಹೊಡೆದೇ ಮಾರಿದರು. ಆಮೇಲೆ 1970ರ ದಶಕದಲ್ಲಿ ಕೆನಡಾದ ಕೆ-ಟೆಲ್ ಕಂಪನಿ ಟಿ.ವಿ.ಯಲ್ಲಿ ಜಾಹೀರಾತು ಕೊಟ್ಟು ಇಂಥ ವಿಚಿತ್ರ ಹಾಡುಗಳನ್ನೆಲ್ಲ ಒಂದೇ ಗಾನತಟ್ಟೆಗೆ ತುಂಬಿ ಮನೆಮನೆಗೆ ಮಾರಿತು. ಇಪ್ಪತ್ತು ಹಾಡು ಹಿಡಿಸಬೇಕಲ್ಲ, ಅದಕ್ಕೆ ಕೆಲವು ಹಾಡುಗಳ ಬಾಲವನ್ನೇ ಕತ್ತರಿಸುತ್ತಿದ್ದರು! ಮನೆಮಂದಿಗೆಲ್ಲ ಅಂತ ಹೆಸರಿಟ್ಟು ಮಾರುವವರಿಗೆ ಆ ಮನೆಯೊಳಗೆ ಯಾರ್‍ಯಾರಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ಅದು ಗೊತ್ತಿದ್ದದ್ದು ನಮ್ಮ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯವನಿಗೆ. ನೆನಪಿದೆಯೇ? ಖಾಲಿ ಕ್ಯಾಸೆಟ್ಟು, ಜೊತೆಗೆ ಹಾಡುಗಳ ಚೀಟಿ ಕೊಟ್ಟು ಬಂದರೆ ಎರಡು ದಿನದಲ್ಲಿ ತುಂಬಿಸಿಡುತ್ತಿದ್ದ. ಅರವತ್ತರ ಕ್ಯಾಸೆಟ್ಟಿಗೆ ಪಕ್ಕಕ್ಕೆ ಮೂವತ್ತು ನಿಮಿಷ. ಸಿನಿಮಾ ಹಾಡು ಮೂರೂವರೆ ನಿಮಿಷದ ಲೆಕ್ಕ ಹಿಡಿದರೆ ಪಕ್ಕಕ್ಕೆ ಎಂಟು, ಒಟ್ಟು ಹದಿನಾರು. ಆ ಹದಿನಾರಕ್ಕೆ ಮನೆಯಲ್ಲಿ ಎಷ್ಟು ಜಗಳ! ಅಪ್ಪನಿಗೆ ಎರಡು, ಅಮ್ಮನಿಗೆ ಮೂರು, ಅಣ್ಣ ಗುಟ್ಟಾಗಿ ಸೇರಿಸಿದ್ದು ಒಂದು. ಈಗಿನ ಪೆನ್‌ಡ್ರೈವಿಗೆ ಸಾವಿರ ಹಾಡು ಹಿಡಿಸುತ್ತೆ, ಹಾಗಾಗಿ ಆರಿಸುವ ಗೋಜೇ ಇಲ್ಲ. ನಾವು ಹಳೇ ಲೆಕ್ಕದಲ್ಲೇ ಹೋಗೋಣ. ಹದಿನಾರು, ಅಷ್ಟೆ.

ಮೊದಲನೆಯದು ಸಿನಿಮಾ ಹಾಡೇ ಅಲ್ಲ. ಟಿ.ಪಿ. ಕೈಲಾಸಂ ಅವರ ‘ಕೋಳೀಕೆ ರಂಗ’. ಲಂಡನ್ನಿಗೆ ಭೂಗರ್ಭಶಾಸ್ತ್ರ ಓದಲು ಹೋದ ಕೈಲಾಸಂ (1884-1946) ಕಲ್ಲುಗಳ ಜೊತೆಗೆ ಅಲ್ಲಿನ ನಾಟಕಶಾಲೆಗಳ ತಮಾಷೆ ಹಾಡನ್ನೂ ಚೆನ್ನಾಗಿ ಪರೀಕ್ಷೆ ಮಾಡಿ ಬಂದವರು. ಮೊದಲ ಮಹಾಯುದ್ಧದಲ್ಲಿ ಸಿಪಾಯಿಗಳು ಹಾಡುತ್ತಿದ್ದ ‘ಟಿಪ್ಪೆರರಿ’ ಅವರ ಕೈಯಲ್ಲಿ ‘ತಿಪ್ಪಾರಳ್ಳಿ’ ಆಯಿತು. ‘ಕಾನ್‌ಸ್ಟಾಂಟಿನೋಪಲ್’ ಎಂಬ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಇಂಗ್ಲಿಷ್ ಹಾಡೊಂದಿತ್ತು, ಅದು ‘ಕೋಳೀಕೆ ರಂಗ’ ಆಯಿತು. ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಉಂಟು, ಕನ್ನಡದಲ್ಲಿ ಏನು ಮಾಡುವುದು? ಕೈಲಾಸಂ ಒಂದನೇ ಕ್ಲಾಸಿನ ಕಾಗುಣಿತವನ್ನೇ ಹಿಡಿದುಕೊಂಡರು. ಅಕ್ಷರ, ಅದರ ಓತ್ವ, ಸೊನ್ನೆ, ಎಲ್ಲ ತಾಳಕ್ಕೆ ಬಂದು ಕೂತವು. ಹಳ್ಳಿ ರಂಗ ತನ್ನ ಹೆಸರನ್ನು ತಾನೇ ಬಿಡಿಸಿ ಹೇಳುತ್ತಾ ತನ್ನನ್ನೇ ನಗೆಗೀಡು ಮಾಡಿಕೊಳ್ಳುತ್ತಾನೆ.

ಈ ಹಾಡನ್ನು ಮೊದಲಿಗಿಟ್ಟದ್ದಕ್ಕೆ ಕಾರಣ ಉಂಟು ಅಕ್ಕಾ. ಇದನ್ನು ಹಾಡಲು ಹೊರಟರೆ ಬಿ.ಎ. ಆದವನ ನಾಲಗೆಯೂ ಸಿಕ್ಕಿಬೀಳುತ್ತದೆ, ಮೇಷ್ಟರ ನಾಲಗೆಯೂ ಸಿಕ್ಕಿಬೀಳುತ್ತದೆ. ಮದುಮಗನ ಕಡೆಯವರಿಗೆ ಒಮ್ಮೆ ಹಾಡಲು ಹೇಳಿ ನೋಡಿ! ಇನ್ನೊಂದು ಮಾತು. ತೊದಲುವವರು ಹಾಡುವಾಗ ಬಹುಮಟ್ಟಿಗೆ ತೊದಲುವುದಿಲ್ಲ. ಇದು ವೈದ್ಯರೂ ಒಪ್ಪುವ ಸಂಗತಿ. ಹಾಗಂತ ತಮ್ಮನ ಕೈಗೆ ಮೈಕು ತುರುಕಬೇಡಿ ಮತ್ತೆ. ಅದೂ ಒಂದು ಥರದ ಹಿಂಸೆಯೇ.

ಎರಡನೆಯದು ಎಮ್ಮೆ ಹಾಡು. 1974ರ ‘ಸಂಪತ್ತಿಗೆ ಸವಾಲ್’. ಅಣ್ಣಾವ್ರು ಎಮ್ಮೆಯ ಮೇಲೆ ಕೂತು ಹಾಡುವ ‘ಯಾರೇ ಕೂಗಾಡಲಿ’ ಗೊತ್ತಿಲ್ಲದ ಮನೆ ಕರ್ನಾಟಕದಲ್ಲಿ ಉಂಟೇ? ಚಿ. ಉದಯಶಂಕರ್ ಸಾಹಿತ್ಯ, ಜಿ.ಕೆ. ವೆಂಕಟೇಶ್ ಸಂಗೀತ. ಅಲ್ಲಿಯವರೆಗೆ ರಾಜ್‌ಗೆ ಕಂಠ ಅಂದರೆ ಪಿ.ಬಿ. ಶ್ರೀನಿವಾಸ್. ರಾಜ್ ತಾವೇ ಹಾಡಿದ್ದು ಅಪರೂಪಕ್ಕೆ. ಈ ಎಮ್ಮೆ ಸವಾರಿ ಆದ ಮೇಲೆ ಅವರು ಮೈಕ್ ಬಿಡಲಿಲ್ಲ. ಕನ್ನಡದ ಅಷ್ಟು ದೊಡ್ಡ ಗಾಯಕನ ನಿಜವಾದ ಪಯಣ ಶುರುವಾದದ್ದು ಎಮ್ಮೆಯ ಬೆನ್ನಿನಿಂದ! ಊರು ಏನಾದರೂ ಅಂದುಕೊಳ್ಳಲಿ ಎಂಬ ಎಮ್ಮೆಯ ಆ ಠೀವಿ ನೋಡಿ. ಅಜ್ಜಿಗೆ ಇದು ಖಂಡಿತ ಆಗುತ್ತದೆ. ಕನ್ನಡ ಸಿನಿಮಾ ನೋಡದವರಿಗೂ ಎಮ್ಮೆ ಗೊತ್ತು.

1972ರ ‘ಕುಳ್ಳ ಏಜೆಂಟ್ 000’ದಿಂದ ‘ಆಡು ಆಟ ಆಡು’ ಬರಲಿ. ದ್ವಾರಕೀಶ್ ಚಿತ್ರ, ರಾಜನ್-ನಾಗೇಂದ್ರ ಸಂಗೀತ, ಹಾಡಿದ್ದು ಕಿಶೋರ್ ಕುಮಾರ್. ಅವರು ಕನ್ನಡದಲ್ಲಿ ಹಾಡಿದ್ದು ಇದೊಂದೇ. ಭಾಷೆ ಬರದ ಮನುಷ್ಯ ಹಾಡಿನೊಳಗೆ ಎಷ್ಟು ಆರಾಮಾಗಿ ಓಡಾಡುತ್ತಾನೆ ಅಂತ ಕೇಳಿಯೇ ನೋಡಬೇಕು.

ಇಂಗ್ಲಿಷ್ ಹಾಡು ಎರಡು. ಎರಡೂ 1978ರವು, ಎರಡೂ ಅಣ್ಣಾವ್ರವು: ‘ಶಂಕರ್ ಗುರು’ವಿನ ‘ಲವ್ ಮಿ ಆರ್ ಹೇಟ್ ಮಿ’ ಮತ್ತು ‘ಆಪರೇಷನ್ ಡೈಮಂಡ್ ರಾಕೆಟ್’ನ ‘ಇಫ್ ಯೂ ಕಮ್ ಟುಡೇ’. ಮೊದಲನೆಯದಕ್ಕೆ ಉಪೇಂದ್ರಕುಮಾರ್ ಸಂಗೀತ, ಎರಡನೆಯದಕ್ಕೆ ಮತ್ತೆ ಜಿ.ಕೆ.ವಿ. ಈ ಎರಡನೆಯ ಹಾಡು ಮೊಬೈಲಿನ ಕಾಲದಲ್ಲಿ ದೇಶವೆಲ್ಲ ಸುತ್ತಿತು. ಅವರ ಇಂಗ್ಲಿಷ್ ಉಚ್ಚಾರಣೆ ಕೇಳಿ ಕಿಸಿದವರೂ ಇದ್ದಾರೆ. ಕಿಸಿಯಲಿ ಸ್ವಾಮಿ! ಪ್ರಾಥಮಿಕ ಶಾಲೆಯಲ್ಲೇ ಓದು ಬಿಟ್ಟ ಮನುಷ್ಯ, ನಾಟಕ ಕಂಪನಿಯಲ್ಲಿ ಬೆಳೆದವರು, ಎಳ್ಳಷ್ಟೂ ಅಳುಕದೆ ಎದೆಯುಬ್ಬಿಸಿ ಹಾಡಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಬ್ಯಾಂಕಿನ ಕೌಂಟರಿನಲ್ಲಿ ಒಂದು ವಾಕ್ಯ ಇಂಗ್ಲಿಷ್ ಆಡಲು ಬೆವರುತ್ತೇವೆ? ಈ ಹಾಡನ್ನು ತಮ್ಮ ಎಷ್ಟು ಸಲ ಹಾಕಿದರೂ ತಡೆಯಬೇಡಿ.

ಮಕ್ಕಳಿಗೆ ಜಿ.ಪಿ. ರಾಜರತ್ನಂ ಅವರ ತುತ್ತೂರಿ, ನಿಮ್ಮ ನೆರೆಯ ಬಂಟ್ವಾಳದ ಪಂಜೆ ಮಂಗೇಶರಾಯರ ‘ನಾಗರಹಾವೇ’. ಪಂಜೆಯವರು 1937ರಲ್ಲೇ ತೀರಿಕೊಂಡರು, ಹಾವು ಮಾತ್ರ ಇನ್ನೂ ಶಾಲೆಗಳಲ್ಲಿ ಆಡಿಕೊಂಡಿದೆ. ರಾಜರತ್ನಂ ಅವರದೇ ‘ರತ್ನನ ಪದಗಳು’ ನನಗೆ ಪ್ರಾಣ. ಆದರೂ ಈ ಪಟ್ಟಿಗೆ ಸೇರಿಸಿಲ್ಲ. ಬರೆದ ಮೇಷ್ಟ್ರು ಹೆಂಡ ಮುಟ್ಟಿದವರಲ್ಲ, ನಿಜ. ಕೇಳುವವರಲ್ಲಿ ಗಂಡನ ಕುಡಿತದಿಂದ ಮನೆ ಕಳಕೊಂಡ ಒಬ್ಬ ಚಿಕ್ಕಮ್ಮ ಇದ್ದರೆ? ಮದುವೆ ಮನೆಯಲ್ಲಿ ಇರುತ್ತಾರೆ.

1987ರ ‘ಪ್ರೇಮಲೋಕ’ ಇಲ್ಲದೆ ಮದರಂಗಿ ಆಗುವುದಿಲ್ಲ. ಹಂಸಲೇಖ ಮಾತನ್ನೇ ಹಾಡು ಮಾಡಿದ ಚಿತ್ರ ಅದು. ಕಾಲೇಜು ಹುಡುಗ ಹುಡುಗಿಯರ ವಾದ ವಿವಾದ ಎಲ್ಲ ತಾಳದಲ್ಲೇ. ಅದರಿಂದ ಎರಡು, ಯಾವುವು ಅಂತ ಮದುಮಗಳೇ ಹೇಳಲಿ. ವಿಟ್ಲದವರೇ ಆದ ವಿ. ಮನೋಹರ್ ಅವರ 1992ರ ‘ತರ್ಲೆ ನನ್ಮಗ’ನ ಹಾಡುಗಳನ್ನು ಹುಡುಗರು ಕೇಳಿಯೇ ಕೇಳುತ್ತಾರೆ. ಅಜ್ಜಿ ಮಲಗಿದ ಮೇಲೆ ಹಾಕಲಿ.

ಕಪ್ಪು ಹುಡುಗಿಯನ್ನು ಗೇಲಿ ಮಾಡುವವು, ದಪ್ಪ ಹೆಂಡತಿಯವು, ಅತ್ತೆ ಯಾವಾಗ ಸಾಯುತ್ತಾಳೆ ಎನ್ನುವವು, ಇವನ್ನೆಲ್ಲ ತೆಗೆದಿದ್ದೇನೆ. ತೆಗೆದ ಚೀಟಿ ಉಳಿಸಿಕೊಂಡ ಚೀಟಿಗಿಂತ ಉದ್ದವಾಯಿತು, ಏನು ಮಾಡಲಿ!

ಪೂರ್ತಿ ಪಟ್ಟಿಯನ್ನು ನಿಮ್ಮ ವಿಳಾಸಕ್ಕೆ ಅಂಚೆಗೆ ಹಾಕಿದ್ದೇನೆ ಅಕ್ಕಾ. ಅದರಲ್ಲಿ ಹಾಡು ಹದಿನೈದೇ ಇವೆ, ಎಣಿಸಿ ತಪ್ಪು ಅನ್ನಬೇಡಿ. ಹದಿನಾರನೆಯ ಜಾಗ ತಮ್ಮನದು. ಬಾಯಿಬಿಟ್ಟು ಹೇಳದಿದ್ದರೆ ಬರೆದು ಕೊಡಲಿ. ಯಾವ ಹಾಡು ಬರೆದ ಅಂತ ನನಗೊಂದು ಕಾರ್ಡು ಹಾಕಿ. ಅವನು ಒಪ್ಪಿದರೆ ಮಾತ್ರ ಅದನ್ನು ಇಲ್ಲಿ ಅಚ್ಚು ಹಾಕುತ್ತೇನೆ.